ಹತ್ತು ವರ್ಷ ಬಿಗಿದು ಕಟ್ಟಿದ ಎದೆ

ಅವನಿಗೆ ‘ಚಳಿಗಾಲ’ ಎಂದು ಹೆಸರಿಟ್ಟವನು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ದೊಡ್ಡ ಲಾಂಡ್ರಿ. ಎರಡು ಆಸ್ಪತ್ರೆ, ನಾಲ್ಕು ಹೋಟೆಲುಗಳ ಬೆಡ್‌ಶೀಟು, ದಿಂಬಿನ ಚೀಲ, ಟವೆಲುಗಳು ದಿನಾ ಬಂದು ಗುಡ್ಡೆ ಬೀಳುತ್ತವೆ. ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರಗಳು, ನಡುವೆ ಹಬೆಯ ಇಸ್ತ್ರಿ ಯಂತ್ರ, ಮುಂದೆ ಗಿರಾಕಿಗಳ ಕೌಂಟರು. ನಡುಕೋಣೆಗೆ ನಾನು ಮೇಸ್ತ್ರಿ. ಬೇಸಿಗೆಯಲ್ಲಿ ಅಲ್ಲಿ ಮೈಮೇಲೆ ಬನಿಯನ್ ಇದ್ದರೂ ಭಾರ ಅನ್ನಿಸುತ್ತದೆ. ಅಂಥ ಕಡೆ ಅವನು ದಪ್ಪ ಬಟ್ಟೆಯ ಜರ್ಕಿನ್ ತೊಟ್ಟು, ಕತ್ತಿನವರೆಗೆ ಜಿಪ್ ಎಳೆದುಕೊಂಡು ಕೆಲಸಕ್ಕೆ ನಿಲ್ಲುತ್ತಿದ್ದ. ‘ಚಳಿಗಾಲ ಬಂತು ನೋಡ್ರಪ್ಪ’ ಎಂದು ನಾನು ಒಂದು ದಿನ ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಅಂದಿನಿಂದ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅವನ ನಿಜವಾದ ಹೆಸರು ಉಳಿಯಲಿಲ್ಲ.

ಇಪ್ಪತ್ತಮೂರು ವರ್ಷದ ಅವನ ಕೈಕೆಲಸ ಬಹಳ ಚೊಕ್ಕ. ಜೋಡಿ ಮಂಚದ ಬೆಡ್‌ಶೀಟನ್ನು ಒಬ್ಬನೇ ಹಿಡಿದು, ಗದ್ದದ ಕೆಳಗೆ ಒಂದು ತುದಿ ಸಿಕ್ಕಿಸಿ, ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದ. ನಾವು ಇಬ್ಬರು ಹಿಡಿದರೂ ಅಷ್ಟು ನೇರ ಬರುತ್ತಿರಲಿಲ್ಲ. ಮಾತಿನಲ್ಲಿ ಚುರುಕು. ಆದರೆ ಪಾಳಿ ಮುಗಿದ ಮೇಲೆ ನಾವೆಲ್ಲ ನಲ್ಲಿಯಡಿ ಅರೆಬೆತ್ತಲೆ ನಿಂತು ಮೈ ತೊಳೆದುಕೊಳ್ಳುವಾಗ ಅವನು ಮಾತ್ರ ಅಲ್ಲಿರುತ್ತಿರಲಿಲ್ಲ. ಬೆವರು ಇಳಿಯುತ್ತಿದ್ದ ಹಾಗೇ ಮನೆಗೆ ಹೊರಟುಬಿಡುತ್ತಿದ್ದ. ಕೌಂಟರಿನಲ್ಲಿ ಕೂರುವ ಅವನ ಅಕ್ಕನೇ ‘ನನ್ನ ತಮ್ಮನಿಗೆ ನಾಚಿಕೆ ಸ್ವಲ್ಪ ಜಾಸ್ತಿ’ ಎಂದು ಹೇಳಿದ್ದಳು. ನಾವೂ ಹಾಗೇ ಅಂದುಕೊಂಡಿದ್ದೆವು.

ಒಂದು ಬೇಸಿಗೆಯ ಮಧ್ಯಾಹ್ನ ಗಾಳಿ ಹೊರಹಾಕುವ ಫ್ಯಾನು ಕೆಟ್ಟಿತ್ತು. ಕೋಣೆಯ ತುಂಬ ಹಬೆ. ಅವನು ಒದ್ದೆ ಬಟ್ಟೆಯ ಗಾಡಿ ತಳ್ಳಿಕೊಂಡು ಬಂದವನು, ಗಾಡಿಯ ಹಿಡಿ ಬಿಟ್ಟು, ಏನೋ ನೆನಪಾದವನ ಹಾಗೆ ನಿಂತ. ಮರುಕ್ಷಣ ನೆಲಕ್ಕೆ ಕುಸಿದ.

ಮೈ ಕೆಂಡದ ಹಾಗೆ ಸುಡುತ್ತಿತ್ತು. ತುಟಿ ಬೆಳ್ಳಗಾಗಿತ್ತು. ಉಸಿರು ತುಂಡು ತುಂಡಾಗಿ ಬರುತ್ತಿತ್ತು. ‘ಜರ್ಕಿನ್ ಬಿಚ್ಚಿ, ಗಾಳಿ ಬಿಡಿ’ ಎಂದೆ. ಜಿಪ್ ಸಿಕ್ಕಿಹಾಕಿಕೊಂಡಿತು. ನಾನು ದಾರ ಕತ್ತರಿಸುವ ದೊಡ್ಡ ಕತ್ತರಿ ತಂದು ಜರ್ಕಿನ್ ಸೀಳಿದೆ. ಒಳಗೆ ಅಂಗಿ. ಅದನ್ನೂ ಸೀಳಿದೆ. ಒಳಗೆ ಇನ್ನೊಂದು ಬಟ್ಟೆ. ಹರಿದ ಬೆಡ್‌ಶೀಟಿನ ಪಟ್ಟಿಗಳನ್ನು ಎದೆಯ ಸುತ್ತ ನಾಲ್ಕೈದು ಸುತ್ತು ಬಿಗಿದು, ಪಕ್ಕೆಯಲ್ಲಿ ಪಿನ್ನು ಚುಚ್ಚಿ ನಿಲ್ಲಿಸಿತ್ತು. ಪಕ್ಕೆಲುಬು ಮುರಿದಿರಬೇಕು, ನಮಗೆ ಹೇಳದೆ ಕೆಲಸಕ್ಕೆ ಬಂದಿದ್ದಾನೆ ಅಂದುಕೊಂಡೆ. ಉಸಿರಾಡಲಿ ಎಂದು ಪಟ್ಟಿಗಳನ್ನೂ ಕತ್ತರಿಸಿದೆ.

ಕತ್ತರಿ ನನ್ನ ಕೈಯಲ್ಲೇ ನಿಂತುಹೋಯಿತು.

ಅವನ ಎದೆ ಹೆಣ್ಣುಮಕ್ಕಳ ಎದೆಯಂತೆ ಉಬ್ಬಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಅವನ ಚರ್ಮ. ಪಟ್ಟಿ ಬಿಗಿದಿದ್ದ ಕಡೆಯಲ್ಲೆಲ್ಲ ಕೆಂಪು ಗೆರೆ, ಕಂಕುಳ ಬಳಿ ಕೀವುಗಟ್ಟಿದ ಹುಣ್ಣು, ಹಳೆ ಹುಣ್ಣಿನ ಕಪ್ಪು ಕಲೆಗಳ ಮೇಲೆ ಹೊಸ ಗಾಯಗಳು. ಒಂದೆರಡು ದಿನದ್ದಲ್ಲ, ವರ್ಷಗಟ್ಟಲೆಯದು ಎಂದು ಯಾರಿಗಾದರೂ ತಿಳಿಯುತ್ತಿತ್ತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು.

ಕೌಂಟರಿನಿಂದ ಓಡಿ ಬಂದ ಅಕ್ಕ ತಮ್ಮನನ್ನು ನೋಡಿದಳು. ಅಳಲಿಲ್ಲ, ಕೂಗಲಿಲ್ಲ. ಪಕ್ಕದ ಗಾಡಿಯಿಂದ ಒದ್ದೆ ಬೆಡ್‌ಶೀಟೊಂದನ್ನು ಎಳೆದು ಅವನ ಮೇಲೆ ಹೊದಿಸಿದಳು. ‘ಎಲ್ಲರೂ ಆಚೆ ಹೋಗಿ’ ಎಂದಳು. ದನಿ ಅವಳದಲ್ಲವೇನೋ ಅನ್ನುವ ಹಾಗಿತ್ತು. ‘ಅಣ್ಣ, ನೀವು ಇರಿ. ಆಸ್ಪತ್ರೆಗೆ ಗಾಡಿ ತರಿಸಿ’ ಎಂದು ನನಗೆ ಹೇಳಿದಳು.

ಆಸ್ಪತ್ರೆಯಲ್ಲಿ ಅವನ ಮೈ ತಣ್ಣಗೆ ಮಾಡಿ, ನೀರು ಏರಿಸಿದರು. ಸಂಜೆಯ ಹೊತ್ತಿಗೆ ಅವನು ಕಣ್ಣುಬಿಟ್ಟ. ಮೊದಲು ಕೈಯಿಂದ ಎದೆ ಮುಟ್ಟಿ ನೋಡಿಕೊಂಡ. ಪಟ್ಟಿ ಇಲ್ಲ ಅಂತ ಗೊತ್ತಾದ ಮೇಲೆ ಗೋಡೆಯ ಕಡೆ ತಿರುಗಿಬಿಟ್ಟ.

ಡಾಕ್ಟರಮ್ಮ ನಡುವಯಸ್ಸಿನವರು. ಕುರ್ಚಿ ಎಳೆದುಕೊಂಡು, ಅವನ ಮುಖ ಕಾಣುವ ಹಾಗೆ ಗೋಡೆಯ ಬದಿಗೇ ಹೋಗಿ ಕೂತರು. ನಾನು ಏಳಹೋದೆ. ‘ಮೇಸ್ತ್ರಿ ಇರಲಿ ಬಿಡಿ. ನೋಡೋದೆಲ್ಲ ನೋಡಿ ಆಯ್ತಲ್ಲ’ ಎಂದ ಅವನು.

‘ಇದು ಯಾವಾಗಿನಿಂದ ಇದೆ?’ ಎಂದು ಕೇಳಿದರು ಡಾಕ್ಟರಮ್ಮ.

‘ಹದಿಮೂರರಿಂದ.’

‘ಕಟ್ಟಿಕೊಳ್ಳೋಕೆ ಶುರು ಮಾಡಿದ್ದು?’

‘ಆಗಿನಿಂದಲೇ. ಶಾಲೆಯಲ್ಲಿ ಓಟದ ಪಂದ್ಯ ಇತ್ತು. ಹುಡುಗರು ಎದೆ ನೋಡಿ, ಹಿಡಿದು ಹಿಂಡಿದ್ರು.’

ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು. ‘ಹತ್ತು ವರ್ಷ’ ಎಂದಳು, ಯಾರಿಗೂ ಅಲ್ಲ. ‘ಒಂದೇ ಮನೇಲಿ. ಇರೋದು ಎರಡು ಕೋಣೆ. ನಾನೇ ಬಟ್ಟೆ ಒಗೆದು ಹಾಕ್ತಿದ್ದೆ.’

‘ಪಟ್ಟಿಗಳನ್ನ ನಾನು ಮೊದಲು ಬಚ್ಚಲಲ್ಲಿ, ಕೆಲಸಕ್ಕೆ ಸೇರಿದ ಮೇಲೆ ಲಾಂಡ್ರಿಯಲ್ಲಿ ಒಗೀತಿದ್ದೆ, ಅಕ್ಕ.’

ಅಷ್ಟಕ್ಕೆ ಮುಗಿಯಲಿಲ್ಲ. ಏನಾದರೂ ಔಷಧಿ ತಗೊಳ್ತಿದ್ದೀಯಾ ಎಂದು ಕೇಳಿದಾಗ ಅವನು ಹೊದಿಕೆಯ ಅಂಚನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸಿದ. ಕೊನೆಗೆ ಬಾಯಿಬಿಟ್ಟ. ಫೋನಿನಲ್ಲಿ ಒಂದು ಜಾಹೀರಾತು ನೋಡಿದ್ದನಂತೆ. ನಲವತ್ತು ದಿನದಲ್ಲಿ ಎದೆ ಕರಗಿಸುವ ಪುಡಿ. ಅಂಚೆಯಲ್ಲಿ ತರಿಸಿ, ಎಂಟು ತಿಂಗಳಿಂದ ತಿನ್ನುತ್ತಿದ್ದ. ಕರಗುವ ಬದಲು ಎಡಗಡೆ ಇನ್ನಷ್ಟು ಬೆಳೆದು, ಅಂಗಿ ತಾಗಿದರೂ ನೋವು ಬರತೊಡಗಿತ್ತು. ನೋವಾದಷ್ಟೂ ಬಿಗಿಯಾಗಿ ಕಟ್ಟುತ್ತಿದ್ದ.

‘ಆ ಪುಡಿಯಲ್ಲಿ ಏನಿದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ’ ಎಂದರು ಡಾಕ್ಟರಮ್ಮ. ‘ಹಾರ್ಮೋನು ಬೆರೆಸಿದ್ರೆ ಬೆಳೆಯೋದೇ. ಇವತ್ತಿಗೆ ಅದನ್ನ ಬಿಡು.’

ನಮ್ಮಿಬ್ಬರನ್ನು ಪರದೆಯಾಚೆ ನಿಲ್ಲಿಸಿ ಅವನನ್ನು ಪೂರ್ತಿ ಪರೀಕ್ಷೆ ಮಾಡಿದರು. ವೃಷಣವನ್ನೂ ನೋಡಿದರು. ಅಲ್ಲಿ ಗಡ್ಡೆಯಿದ್ದರೂ ಕೆಲವೊಮ್ಮೆ ಎದೆ ಹೀಗೆ ಬೆಳೆಯುತ್ತದಂತೆ. ಸದ್ಯ, ಅಲ್ಲಿ ಏನೂ ಇರಲಿಲ್ಲ. ರಕ್ತಪರೀಕ್ಷೆಗೆ, ಸ್ಕ್ಯಾನಿಂಗಿಗೆ ಚೀಟಿ ಬರೆದರು.

ಆಮೇಲೆ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. ‘ಹದಿಮೂರು ಹದಿನಾಲ್ಕರ ಹುಡುಗರಲ್ಲಿ ಇದು ತುಂಬಾ ಸಾಮಾನ್ಯ. ಮೊಲೆತೊಟ್ಟಿನ ಹಿಂದೆ ಒಂದು ಬಿಲ್ಲೆ ಥರ ಗಟ್ಟಿಯಾಗುತ್ತೆ. ಹೆಚ್ಚಿನವರಿಗೆ ಒಂದೆರಡು ವರ್ಷಕ್ಕೆ ತಾನಾಗಿ ಇಳಿದುಹೋಗುತ್ತೆ, ಏನೂ ಮಾಡೋದು ಬೇಕಿಲ್ಲ. ಕೆಲವರಿಗೆ ಮಾತ್ರ ಹಾಗೇ ಉಳಿಯುತ್ತೆ. ಉಳಿದು ಇಷ್ಟು ವರ್ಷ ಆದ ಮೇಲೆ ಮಾತ್ರೆಗೆ ಅಷ್ಟಾಗಿ ಬಗ್ಗಲ್ಲ, ಆಪರೇಷನ್ ಮಾಡಿ ತೆಗೀಬೇಕು.’

‘ಆಪರೇಷನ್ ಮಾಡಿಸಲೇಬೇಕಾ?’ ಎಂದು ಕೇಳಿದಳು ಅಕ್ಕ.

‘ಪರೀಕ್ಷೆಯಲ್ಲೆಲ್ಲ ಸರಿ ಬಂದ್ರೆ, ಮಾಡಿಸದಿದ್ದರೂ ಜೀವಕ್ಕೇನೂ ಆಗಲ್ಲ. ಹೇಗಿದೆಯೋ ಹಾಗೇ ಆರಾಮಾಗಿ ಬದುಕೋರೂ ಇದ್ದಾರೆ. ಆದ್ರೆ ಇವನು ಬದುಕ್ತಿಲ್ಲ, ಬಚ್ಚಿಟ್ಟುಕೊಳ್ತಿದ್ದಾನೆ. ನಿರ್ಧಾರ ಇವನದು.’

ಅವನು ಆಗ ಮೊದಲ ಸಲ ಅತ್ತ. ಇದು ಎಷ್ಟೋ ಹುಡುಗರಿಗೆ ಆಗುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ತಾನು ಪೂರ್ತಿ ಗಂಡಸಲ್ಲ ಎಂದು ಹದಿಮೂರನೇ ವಯಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದ. ಬಂದ ಎರಡು ಮದುವೆ ಸಂಬಂಧಗಳನ್ನು ಬೇಡವೆಂದು ತಳ್ಳಿಹಾಕಿದ್ದು ಅದಕ್ಕೇ. ಮನೆಯವರು ಅವನಿಗೆ ಜಂಬ ಎಂದುಕೊಂಡಿದ್ದರು.

ಕತ್ತಲಾಗುವ ಮುಂಚೆ ಅವನ ಅಪ್ಪ ಬಂದರು. ಬಸ್ ಚಾಲಕರು. ಸಮವಸ್ತ್ರದಲ್ಲೇ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಂದಿದ್ದರು. ಮಗಳು ಅವರನ್ನು ವಾರ್ಡಿನ ಹೊರಗೇ ನಿಲ್ಲಿಸಿ ಎಲ್ಲ ಹೇಳಿದಳು. ಅಪ್ಪ ಕೂಗಾಡಬಹುದು ಅಂದುಕೊಂಡು ನಾನು ಹತ್ತಿರವೇ ನಿಂತಿದ್ದೆ. ಅವರು ಬೆಂಚಿನ ಮೇಲೆ ಕುಳಿತು, ಡಬ್ಬಿಯನ್ನು ಪಾದಗಳ ನಡುವೆ ಇಟ್ಟುಕೊಂಡರು.

‘ನನಗೆ ಗೊತ್ತಿತ್ತು’ ಎಂದರು.

ಮಗಳಿಗೆ ಅರ್ಥವಾಗಲಿಲ್ಲ. ‘ಏನು ಗೊತ್ತಿತ್ತು?’

‘ಅವನಿಗೆ ಹದಿನಾಲ್ಕು ಇರಬೇಕು. ಸ್ನಾನ ಮಾಡಿ ಬರ್ತಿದ್ದ, ನೋಡಿದೆ. ನನಗೂ ಆ ವಯಸ್ಸಲ್ಲಿ ಆಗಿತ್ತು. ಎರಡು ವರ್ಷಕ್ಕೆ ಹೋಯ್ತು. ಅವನಿಗೂ ಹೋಗುತ್ತೆ ಅಂದುಕೊಂಡೆ. ಆಮೇಲೆ ನೋಡಲಿಲ್ಲ. ಹೋಗಿರಬೇಕು ಅಂದುಕೊಂಡೆ.’

‘ಒಂದು ಮಾತು ಅವನಿಗೆ ಹೇಳಬಾರದಿತ್ತಾ, ಅಪ್ಪ?’

‘ಅಂಥದ್ದನ್ನೆಲ್ಲ ಹೆಂಗೆ ಹೇಳೋದು? ನನಗೂ ಯಾರೂ ಹೇಳಿರಲಿಲ್ಲ.’

ಅವಳು ಅಪ್ಪನನ್ನು ನೋಡಿದ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಸಿಟ್ಟಲ್ಲ ಅದು. ಮನೆಯ ಗೋಡೆಯೊಳಗೆ ಇನ್ನೊಂದು ಕೋಣೆ ಇತ್ತು ಎಂದು ಈಗ ತಿಳಿದವಳ ಹಾಗೆ ನೋಡುತ್ತಿದ್ದಳು. ಒಂದೇ ಮಾತು. ‘ನನಗೂ ಹೀಗೇ ಆಗಿತ್ತು ಕಣೋ’ ಎಂಬ ಒಂದೇ ಮಾತಿಗೆ ಹತ್ತು ವರ್ಷದ ಪಟ್ಟಿ ಬಿಚ್ಚಿಹೋಗುತ್ತಿತ್ತು. ಅಪ್ಪ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಮಗನ ಮಂಚದ ಪಕ್ಕ ಕೂತು ಅದನ್ನು ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಗಿಲಿನಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಮರುದಿನ ನಾನು ಅವನ ಬಳಿ ಕ್ಷಮೆ ಕೇಳಿದೆ, ಇಟ್ಟ ಹೆಸರಿಗಾಗಿ. ಅವನು, ‘ನನಗೆ ಆ ಹೆಸರು ಉಪಕಾರವೇ ಆಗಿತ್ತು ಮೇಸ್ತ್ರಿ. ನಕ್ಕುಬಿಟ್ಟ ಮೇಲೆ ಯಾರೂ ಯಾಕೆ ಅಂತ ಕೇಳ್ತಿರಲಿಲ್ಲ’ ಎಂದ. ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಪರೀಕ್ಷೆಗಳ ವರದಿ ಸರಿ ಬಂತು. ಪುಡಿ ಬಿಟ್ಟ ಮೇಲೆ ಮೂರು ತಿಂಗಳಲ್ಲಿ ನೋವು ಹೋಯಿತು, ಎಡಗಡೆಯ ಊತ ಸ್ವಲ್ಪ ಇಳಿಯಿತು. ಉಳಿದದ್ದು ಕದಲಲಿಲ್ಲ. ಆ ಮೂರು ತಿಂಗಳು ಅವನು ಪಟ್ಟಿ ಕಟ್ಟದೆ, ಸಡಿಲ ಅಂಗಿಯಲ್ಲಿ ಕೆಲಸಕ್ಕೆ ಬಂದ. ಯಾರೂ ಏನೂ ಅನ್ನಲಿಲ್ಲ. ಅನ್ನದ ಹಾಗೆ ನಾನು ನೋಡಿಕೊಂಡೆ ಎಂದೂ ಹೇಳಬೇಕು. ಕೊನೆಗೆ ಅವನೇ ಹೋಗಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡು ಬಂದ. ಎರಡೂ ಕಡೆಯ ಗಂಟು ತೆಗೆದರು. ಎಡಗಡೆ ಸ್ವಲ್ಪ ತಗ್ಗು ಉಳಿಯಿತು, ಚರ್ಮ ಕೆಲವು ಕಡೆ ಜೋಮು ಹಿಡಿದ ಹಾಗೆ ಇರುತ್ತದಂತೆ. ಅವನು ಅದಕ್ಕೆಲ್ಲ ತಲೆಕೆಡಿಸಿಕೊಳ್ಳಲಿಲ್ಲ.

ಹೊಲಿಗೆ ಬಿಚ್ಚಿದ ದಿನ ಜೊತೆಗೆ ನಾನಿದ್ದೆ. ‘ಈಜು ಕಲಿಯೋಕೆ ಎಷ್ಟು ದಿನ ಕಾಯಬೇಕು?’ ಎಂದು ಅವನು ಸರ್ಜನ್ನರನ್ನು ಕೇಳಿದ. ಅವನಿಗೆ ಆ ಆಸೆ ಇತ್ತೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಎರಡು ತಿಂಗಳು ಎಂದರು.

ಈಗ ಭಾನುವಾರ ಬೆಳಗ್ಗೆ ಎಂಟೊಂಬತ್ತು ವರ್ಷದ ಮಕ್ಕಳ ನಡುವೆ ಈಜುಕೊಳದ ಅಂಚು ಹಿಡಿದು ಕಾಲು ಬಡಿಯುತ್ತಾನೆ. ನೀರು ಕುಡಿಯುತ್ತಾನೆ, ಕೆಮ್ಮುತ್ತಾನೆ, ಮತ್ತೆ ಇಳಿಯುತ್ತಾನೆ. ಅಪ್ಪ ಒಂದೆರಡು ಸಲ ಬಂದು ದೂರದ ಮೆಟ್ಟಿಲ ಮೇಲೆ ಕೂತು ಹೋಗಿದ್ದಾರೆ. ಅಕ್ಕ ಇನ್ನೂ ಅಪ್ಪನೊಡನೆ ಸರಿಯಾಗಿ ಮಾತಾಡುತ್ತಿಲ್ಲ.