ಅಡ್ಡಕ್ಕೆ ಕತ್ತರಿಸಿದ ಪಟ್ಟಿ

ಮೊನ್ನೆ ಮಗಳು ನನಗೆ ಹೊಸ ಚಪ್ಪಲಿ ತಂದಳು. ಡಬ್ಬದ ಮುಚ್ಚಳ ತೆಗೆದ ಕೂಡಲೆ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡೀತು. ಕಣ್ಣು ತಾನಾಗೇ ಮೇಲಕ್ಕೆ ಹೋಗಿ ತೊಲೆ ಹುಡುಕ್ತು. ಈಗಿನದು ಸಿಮೆಂಟು ಮೋಲ್ಡಿನ ಮನೆ, ತೊಲೆ ಎಲ್ಲಿಂದ ಬರಬೇಕು. "ಏನಮ್ಮಾ?" ಅಂದಳು. ಡಬ್ಬದ ಮುಚ್ಚಳ ಹಾಕಿದೆ. ಆ ಕತೆ ನಡೆದಾಗ ಅವಳು ಕೈಗೂಸು, ಅವಳಿಗೇನು ಗೊತ್ತು...

ನಮ್ಮೂರು ಪಿಲ್ಲಗುಂಪೆಯಲ್ಲಿ ಫ್ಯಾಕ್ಟರಿಗಳು ಒಂದೊಂದಾಗಿ ಏಳ್ತಿದ್ದ ಕಾಲ. ನಮ್ಮ ಹಿತ್ತಲ ಕೋಣೆಯಲ್ಲಿ ಒಬ್ಬ ಬಾಡಿಗೆಗಿದ್ದ. ಮುಳಬಾಗಿಲು ಕಡೆಯವನು, ಮಾತಲ್ಲಿ ಅರ್ಧ ತೆಲುಗು. ನನಗಿಂತ ದೊಡ್ಡವನಾದರೂ ಅಕ್ಕ ಅಂತಿದ್ದ. ರಬ್ಬರ್ ಶೀಟ್ ಮಾಡೋ ಮಿಷಿನ್ ನೋಡ್ಕೊಳ್ಳೋ ಕೆಲಸ. ಕಾಳಿನಂಥ ಮಾಲು ಕಾಯಿಸಿ, ಒಂದು ಸಣ್ಣ ಸೀಳಿನಲ್ಲಿ ತಳ್ಳಿದರೆ ಆಚೆ ಶೀಟ್ ಬರ್ತಿತ್ತಂತೆ. "ಶಾವಿಗೆ ಒತ್ತಿದ ಹಾಗೇನೆ ಅಕ್ಕಾ" ಅಂತಿದ್ದ.

ನನ್ನ ಮಗಳು ಸೀರೆ ಜೋಲಿಯಲ್ಲಿ ಎಷ್ಟು ತೂಗಿದರೂ ಮಲಗ್ತಿರಲಿಲ್ಲ. ಅವಳ ಚೀರಾಟ ಕೇಳಿ ಕೇಳಿ ಸಾಕಾಯ್ತೇನೋ, ಒಂದಿನ ಫ್ಯಾಕ್ಟರಿಯಲ್ಲಿ ಬಿಸಾಡಿದ್ದ ಶೀಟಿನಿಂದ ಎರಡು ಪಟ್ಟಿ ಕತ್ತರಿಸ್ಕೊಂಡು ಬಂದ. ಒಂದು ಶೀಟಿನ ಉದ್ದಕ್ಕೆ ಕತ್ತರಿಸಿದ್ದು, ಇನ್ನೊಂದು ಅಡ್ಡಕ್ಕೆ. ಎಳೆದು ನೋಡಿದೆ. ಉದ್ದಕ್ಕೆ ಕತ್ತರಿಸಿದ್ದು ಬಿರುಸು, ಜಗ್ಗಲ್ಲ. ಅಡ್ಡದ್ದು ಮೆತ್ತಗೆ, ಎಳೆದಷ್ಟೂ ಬರ್ತಿತ್ತು. ಒಂದೇ ಶೀಟು ಹಿಂಗೆ ಎರಡು ಥರ ಯಾಕೆ ಅಂತ ಇಬ್ಬರಿಗೂ ತಿಳೀಲಿಲ್ಲ. "ಮೆತ್ತಗಿರೋದೇ ಇರ್ಲಿ, ರಾಣಿ ಕುಣಿದಾಡ್ಲಿ" ಅಂತ ಅದನ್ನೇ ತೊಲೆಗೆ ಗಂಟು ಹಾಕಿ ಜೋಲಿ ಕಟ್ಟಿದ. ಮೇಲೆ ಕೆಳಗೆ ಆಡ್ತಾ ಮಗು ಮಲಗೇಬಿಡ್ತು.

ಜೋಲಿ ಒರಳಿನ ಪಕ್ಕದಲ್ಲೇ. ರುಬ್ಬುತ್ತಾ ತೂಗಬಹುದು ಅಂತ.

ಒಂದು ಮಧ್ಯಾಹ್ನ ಹಂಗೇ ರುಬ್ತಿದ್ದೆ, ಮಗು ಸದ್ದಿಲ್ಲದೆ ಮಲಗಿತ್ತು. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಏದುಸಿರು ಬಿಡ್ತಾ ಅವನು ಒಳಗೆ ನುಗ್ಗಿದ. ಬಾಗಿಲಲ್ಲಿ ನಿಂತು ಕೂಗದೆ ಯಾವತ್ತೂ ಒಳಗೆ ಬಂದವನಲ್ಲ. ಬಂದವನೇ ಚಪ್ಪಲಿ ಬಿಸಾಡಿ ಜೋಲಿಯ ಕೆಳಗೆ ಎರಡೂ ಕೈ ಕೊಟ್ಟು ನಿಂತ.

"ತೂಗಬೇಡ ಅಕ್ಕಾ. ಮೆಲ್ಲಗೆ ಮಗೂನ ಎತ್ಕೊ."

"ಯಾಕೋ, ಹಾಡಹಗಲೇ ಕುಡ್ಕೊಂಡು ಬಂದಿದ್ದೀಯಾ?"

"ಬೈಯೋದು ಆಮೇಲೆ ಬೈ. ಮೇಲೆ ನೋಡು."

ನೋಡಿದೆ. ಗಂಟಿನ ಹತ್ತಿರ ಪಟ್ಟಿ ಒಂದು ಅಂಚಿನಿಂದ ಬಾಯಿಬಿಟ್ಟಿತ್ತು. ನೆಟ್ಟಗೆ ಅಡ್ಡಕ್ಕೆ, ಅರ್ಧಕ್ಕಿಂತ ಮುಂದೆ ಹೋಗಿತ್ತು. ಹೆಂಗೆ ಎದ್ದೆನೋ, ಹೆಂಗೆ ಎತ್ಕೊಂಡೆನೋ... ಮಗು ನನ್ನ ಹೆಗಲಿಗೆ ಬಂದ ಮೇಲೆ ಅವನು ಜೋಲಿಯನ್ನ ಒಂದು ಸಲ ಜಗ್ಗಿದ. ಪಟ್ಟಿ ಎರಡಾಯ್ತು. ಸೀರೆ ಒರಳ ಮೇಲೆ ಬಿತ್ತು.

ಅವತ್ತು ಮಿಷಿನ್ ನೋಡೋಕೆ ಬಂದಿದ್ದ ಎಂಜಿನಿಯರು ಶೀಟನ್ನ ಉದ್ದಕ್ಕೂ ಅಡ್ಡಕ್ಕೂ ಸೀಳಿ ತೋರಿಸಿದರಂತೆ. ಆ ಮಾಲಿನಲ್ಲಿ ಗಟ್ಟಿ ಭಾಗ, ಮೆತ್ತನೆ ಭಾಗ ಎರಡೂ ಒಂದಕ್ಕೊಂದು ಅಂಟ್ಕೊಂಡಿರ್ತವಂತೆ. ಮಿಷಿನ್ನಿನ ಸೀಳಿನಲ್ಲಿ ನೂಕಿದಾಗ ಗಟ್ಟಿಯದೆಲ್ಲ ಹರಿಯೋ ದಿಕ್ಕಿಗೆ ಎಳೆ ಎಳೆಯಾಗಿ ಸಾಲು ನಿಂತುಬಿಡುತ್ತಂತೆ, ಕಣ್ಣಿಗೆ ಕಾಣದಷ್ಟು ಸಣ್ಣಕ್ಕೆ. ಅಡ್ಡಕ್ಕೆ ಕತ್ತರಿಸಿದರೆ ಆ ಎಳೆಗಳೂ ಪಟ್ಟಿಗೆ ಅಡ್ಡ. ಒಂದು ಗೀರು ಬಿದ್ದರೆ ಸಾಕು, ಬಾಳೆಲೆ ನರದ ಗುಂಟ ಸೀಳಿದ ಹಾಗೆ ಸೀಳ್ಕೊಂಡು ಹೋಗುತ್ತೆ. ಅಷ್ಟು ಕೇಳಿದವನೇ ಯಾರಿಗೂ ಹೇಳದೆ ಓಡಿ ಬಂದಿದ್ದ.

"ನಾನೇ ಕಟ್ಟಿದ್ದು ಅಕ್ಕಾ... ನಾನೇ" ಅಂತ ಒಂದೇ ಸಮನೆ ಹೇಳ್ತಿದ್ದ. ನೀರು ಕುಡಿ ಅಂದೆ. ಕುಡಿಯದೆ, ತೊಲೆಯಲ್ಲಿ ಉಳಿದಿದ್ದ ತುಂಡು ಬಿಚ್ಚೋಕೆ ಹೋದ.

ಅತ್ತ ಅವನು ಬಿಟ್ಟು ಬಂದ ಮಿಷಿನ್ನಿನೊಳಗೆ ಮಾಲು ಸುಟ್ಟು ಕಟ್ಕೊಂಡಿತ್ತು. ಕೆಲಸದಿಂದ ತೆಗೆದುಬಿಟ್ಟರು. ಯಾಕೆ ಓಡಿದೆ ಅಂತ ಅವರಿಗೆ ಹೇಳೋ ಅಂತ ನಾನಂದರೆ, ಶೀಟು ಕದ್ದೆ ಅಂತಾರೆ ಅಂತ ಬಾಯಿ ಬಿಡಲಿಲ್ಲ. ಕೋಣೆ ಖಾಲಿ ಮಾಡಿ ಹೋದ. ಬಂದು ಹೋಗ್ತಿರು ಅಂದಿದ್ದೆ, ಹ್ಞೂಂ ಅಂದಿದ್ದ... ಬರಲಿಲ್ಲ. ಮುಳಬಾಗಿಲು ಕಡೆಯವರು ಸಿಕ್ಕಿದಾಗೆಲ್ಲ ಕೇಳ್ತಿದ್ದೆ. ಸತ್ತು ಬಹಳ ಕಾಲ ಆಯ್ತು ಅಂತ ಈಚೆಗೆ ಒಬ್ಬರು ಹೇಳಿದರು.

ಈಗ ಮಗಳ ಮಗು ಕಬ್ಬಿಣದ ಸ್ಟ್ಯಾಂಡಿನ ತೊಟ್ಟಿಲಲ್ಲಿ ಮಲಗುತ್ತೆ. ಬೀಳಲ್ಲಮ್ಮ ಅಂತಾರೆ ಎಲ್ಲರೂ. ಮಗು ಅತ್ತರೆ ನನಗೇನೂ ಭಯವಿಲ್ಲ. ಸದ್ದಿಲ್ಲದೆ ಮಲಗಿದಾಗಲೇ ಭಯ. ಎದ್ದು ಹೋಗಿ ತೊಟ್ಟಿಲ ಕೆಳಗೆ ಕೈ ಕೊಟ್ಟು ನಿಲ್ತೀನಿ. ಅವನು ನಿಂತ ಹಾಗೆ, ಎರಡೂ ಕೈ.