ರಾಗಿ ಹೊಲದ ನಡುವೆ ನೀಲಿ ಚುಕ್ಕಿ

ಇನ್ನೂ ಮಂಜು ಆರಿಲ್ಲ. ಅಕ್ಕಿಹೆಬ್ಬಾಳಿನ ಹೊರಗೆ, ಮುತ್ತಮ್ಮನವರ ರಾಗಿ ಹೊಲದ ನಡುವೆ ಪ್ರಮೀಳಾ ಮೊಬೈಲ್ ಹಿಡಿದು ನಿಂತಿದ್ದಾರೆ. ಸೀರೆ ಮೊಣಕಾಲವರೆಗೆ ಒದ್ದೆ. ಬದುವಿನ ಹೊಂಗೆಮರದಡಿ ಚೀಲ ಹಾಸಿಕೊಂಡು ಮುತ್ತಮ್ಮ ಕೂಗುತ್ತಾರೆ: "ಬಾರವ್ವ, ಕುಂತ್ಕಂಡು ಒಂದ್ ಲೋಟ ಮಜ್ಜಿಗೆ ಕುಡಿ!"

"ತಡೀ ದೊಡ್ಡವ್ವ, ಚುಕ್ಕಿ ಇನ್ನೂ ಅಲ್ಲಾಡ್ತಾ ಅದೆ!"

ಪಾಂಡವಪುರದ ಬಟ್ಟೆ ಅಂಗಡಿಯಲ್ಲಿದ್ದ ಪ್ರಮೀಳಾ, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬೆಳೆ ಸಮೀಕ್ಷೆಗೆ ಇಳಿದವರು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆ ಎಂದು ಹೊಲದಲ್ಲೇ ನಿಂತು ಫೋಟೊ ಸಮೇತ ದಾಖಲಿಸಬೇಕು. ದಿನಕ್ಕೆ ನಲವತ್ತು ಹೊಲ ತುಳಿಯುತ್ತಾರೆ. ಕೆಸರು, ನಾಯಿ, ಹಾವು ಎಲ್ಲ ಇದ್ದದ್ದೇ.

ಅವರು ನಿಂತ ಜಾಗ ತಿಳಿಯುವುದು ಉಪಗ್ರಹಗಳಿಂದ. ಒಂದೊಂದು ಉಪಗ್ರಹವೂ ತಾನೆಲ್ಲಿದ್ದೇನೆ, ಗಂಟೆ ಎಷ್ಟು ಎಂದು ಸಾರುತ್ತಲೇ ಇರುತ್ತದೆ. ಆ ಸಂಕೇತ ಬಂದು ತಲುಪಲು ಹಿಡಿದ ಹೊತ್ತಿನಿಂದ ಮೊಬೈಲು ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ನಕ್ಷೆಯ ಮೇಲೆ ನೀಲಿ ಚುಕ್ಕಿ ಕೂರುತ್ತದೆ. ತಲೆ ಮೇಲೆ ದಟ್ಟ ಮರವಿದ್ದರೆ ಸಂಕೇತ ಕುಂದಿ, ಚುಕ್ಕಿ ಪಕ್ಕದ ಹೊಲಕ್ಕೆ ಜಾರಿಬಿಡಬಹುದು.

ಹೋದ ವರ್ಷ ಆಗಿದ್ದೂ ಅದೇ. ಹೊಲಕ್ಕೆ ಬಂದವರನ್ನು ನಿಲ್ಲಿಸಿಯೇ ಕಳಿಸುವ ರೂಢಿ ಈ ಕಡೆ ಇಲ್ಲವಲ್ಲ! ಮುತ್ತಮ್ಮ ಕೂರಿಸಿದರು. ಪ್ರಮೀಳಾ ಆ ಮರದ ನೆರಳಲ್ಲಿ ಕುಳಿತೇ ಪಕ್ಕದ ಲಿಂಗಣ್ಣನವರ ಕಬ್ಬಿನ ಫೋಟೊ ತೆಗೆದರು. ಚುಕ್ಕಿ ಮಾತ್ರ ಮುತ್ತಮ್ಮನ ಹೊಲದಲ್ಲಿತ್ತು. ರಾಗಿ ಬೆಳೆದವರ ಹೆಸರಿಗೆ ಕಬ್ಬು ಕೂತಿತು. ದಾಖಲೆಯಲ್ಲಿ ಕಬ್ಬಿದೆ ಎಂದು ಖರೀದಿ ಕೇಂದ್ರದವರು ಬೆಂಬಲ ಬೆಲೆಗೆ ರಾಗಿ ತೆಗೆದುಕೊಳ್ಳಲಿಲ್ಲ. ಆ ತಾಯಿ ದಲ್ಲಾಳಿ ಕೇಳಿದಷ್ಟಕ್ಕೆ ಕೊಟ್ಟು ಬಂದರು.

"ನಂಗೆ ಗೊತ್ತಾಗಿದ್ದು ಆಮೇಲೆ ಸಾರ್. ನಾನೇ ಹೋಗಿ ತಪ್ಪು ನಂದು ಅಂತ ಹೇಳ್ದೆ," ಎನ್ನುತ್ತಾರೆ ಪ್ರಮೀಳಾ. "'ಕುಂತ್ಕ ಅಂದೋಳು ನಾನೇ ಕಣ್ ಬುಡವ್ವ' ಅಂದ್ಬುಟ್ರು. ಅದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು."

ಈ ಸಲ ಮೊದಲು ಕೆಲಸ, ಆಮೇಲೆ ಉಪಚಾರ ಎಂದು ಹಟ ಹಿಡಿದಿದ್ದಾರೆ. ಕೊನೆಗೂ ಚುಕ್ಕಿ ಹೊಲದ ಗಡಿಯೊಳಗೆ ನಿಲ್ಲುತ್ತದೆ. ಫೋಟೊ ತೆಗೆದು, ಬೆಳೆಯ ಹೆಸರು ಒತ್ತಿ ಕಳಿಸಿ, ಮುತ್ತಮ್ಮನನ್ನೂ ಹೊಲದೊಳಕ್ಕೆ ಕರೆಯುತ್ತಾರೆ. ಓದಲು ಬಾರದ ಮುತ್ತಮ್ಮ ಮೊಬೈಲಿಗೆ ಮುಖ ಒಡ್ಡಿ ತೆನೆ ಗುರುತಿಸುತ್ತಾರೆ.

"ನಮ್ ರಾಗಿನೇ ಕಣವ್ವ! ಮ್ಯಾಲೆ ಏನಂತ ಬರ್ದದೆ?"

"ರಾಗಿ ಅಂತ್ಲೇ ಬರ್ದದೆ ದೊಡ್ಡವ್ವ. ಖರೀದಿ ಕೇಂದ್ರಕ್ಕೆ ನಿನ್ ಜೊತೆ ನಾನೂ ಬತ್ತೀನಿ. ಯಾರು ಕಬ್ಬು ಅಂತಾರೋ ನೋಡೇಬುಡನ!"