ಎಂಟಾಣೆಯ ಕುಂಬಳಕಾಯಿ

ನಾನು ಚಿಕ್ಕವನಿದ್ದಾಗ ಕುಂಬಳಕಾಯಿಯ ಗಾರಿಗೆಗಾಗಿ ಏನು ಬೇಕಾದರೂ ಮಾಡುತ್ತಿದ್ದೆ. ಬೆಲ್ಲದಲ್ಲಿ ಬೆಂದ ಕುಂಬಳಕಾಯಿಗೆ ಗೋಧಿಹಿಟ್ಟು ಕಲಸಿ, ಮೇಲೆ ಗಸಗಸೆ ಒತ್ತಿ, ಅವ್ವ ಎಣ್ಣೆಗೆ ಬಿಟ್ಟರೆ ಸಾಕು, ಓಣಿಯ ನಾಯಿಗಳೂ ಬಂದು ಬಾಗಿಲಲ್ಲಿ ಕೂರುತ್ತಿದ್ದವು. ಮಕ್ಕಳೇ, ಆ ಆಸೆಯಿಂದ ನಾನು ಮಾಡಿದ ಮೊದಲ ವ್ಯಾಪಾರದ ಸಂಗತಿ ಇದು. ಆಮೇಲೆ ಬದುಕಿನಲ್ಲಿ ಸಾವಿರ ವ್ಯಾಪಾರ ಮಾಡಿದೆ. ಇಷ್ಟು ಕೆಟ್ಟದ್ದನ್ನು ಮತ್ತೆ ಮಾಡಲಿಲ್ಲ.

ಆಗ ನಮ್ಮ ಮನೆ ಪುಣೆಯ ಹಡಪಸರದಲ್ಲಿತ್ತು. ಗದಗಿನ ಕಡೆಯಿಂದ ಬಂದಿದ್ದ ಅಪ್ಪ ಕೈಗಾಡಿಯಲ್ಲಿ ತರಕಾರಿ ಮಾರುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನಾನೂ ಅವರ ಹಿಂದೆ ಸಗಟು ತರಕಾರಿಯ ಮಂಡಿಗೆ ಹೋಗುತ್ತಿದ್ದೆ. ಒದ್ದೆ ಗೋಣಿಚೀಲ, ಕೊತ್ತಂಬರಿ, ಬೀಡಿ ಹೊಗೆ ಎಲ್ಲ ಬೆರೆತ ವಾಸನೆಯ ನಡುವೆ ರೈತರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದರು. ಕೊಳ್ಳುವವರದೆಲ್ಲ ಒಂದೇ ಪದ್ಧತಿ. ದರ ಕೇಳುವ ಮೊದಲೇ ಮಾಲಿನಲ್ಲಿ ಐಬು ಹುಡುಕಬೇಕು. ಬದನೆ ಎಷ್ಟೇ ಮಿಂಚುತ್ತಿರಲಿ, ಹುಳ ಇದೆ ಎನ್ನಬೇಕು. ಹೂಕೋಸು ಈಗ ತಾನೇ ಕಿತ್ತದ್ದಾದರೂ ನಿನ್ನೆಯದು ಎನ್ನಬೇಕು. ಅಪ್ಪ ಇದನ್ನು ಮರಾಠಿಯಲ್ಲಿ ಎಷ್ಟು ಸೊಗಸಾಗಿ ಮಾಡುತ್ತಿದ್ದರೆಂದರೆ, ರೈತನಿಗೇ ತನ್ನ ಬುಟ್ಟಿಯ ಮೇಲೆ ಅನುಮಾನ ಬರುತ್ತಿತ್ತು. ಶಾಲೆಯ ಮಗ್ಗಿ ನನಗೆ ಬರುತ್ತಿರಲಿಲ್ಲ, ಈ ಪಾಠ ಮಾತ್ರ ಬಾಯಿಪಾಠವಾಗಿತ್ತು.

ಅಕ್ಕನಿಗೆ ಆಗ ಹದಿನಾಲ್ಕು. ಮನೆಯ ಹಿಂದೆ ಅವಳೊಂದು ಕುಂಬಳದ ಬಳ್ಳಿ ಹಬ್ಬಿಸಿದ್ದಳು. ಪಕ್ಕದ ಮನೆಯ ಆಡು ಹೂವನ್ನೆಲ್ಲ ತಿಂದು ಒಂದೇ ಒಂದು ಕಾಯಿ ಉಳಿಯಿತು. ಅದು ದಿನದಿನಕ್ಕೆ ಉಬ್ಬಿ ಹಂಡೆಯಂತಾಯಿತು. ನಾನು ದಿನವೂ ಅದನ್ನು ತಬ್ಬಿ ಅಳೆಯುತ್ತ, ಎಷ್ಟು ಗಾರಿಗೆ ಆದೀತೆಂದು ಎಣಿಸುತ್ತಿದ್ದೆ. ಒಂದು ಸಂಜೆ ಮನೆಯ ಪ್ರಾರ್ಥನೆ ಮುಗಿದ ಕೂಡಲೇ ಅಕ್ಕ ಹೇಳಿದಳು: "ಅಪ್ಪಾ, ಈ ಸಲ ಚರ್ಚಿನ ಸುಗ್ಗಿ ಹಬ್ಬಕ್ಕ ನನ್ನ ಕಾಯಿ ಕೊಡ್ತೀನಿ. ನನ್ನ ಹೆಸರಿಲೆ." ಅಪ್ಪ, ಅವ್ವ ಇಬ್ಬರೂ ಹಿಗ್ಗಿದರು. ನನ್ನ ಹೊಟ್ಟೆಯಲ್ಲಿ ಮಾತ್ರ ಬಾಣಲೆಯ ಎಣ್ಣೆ ಆರಿಹೋಯಿತು.

ನಮ್ಮದು ಸಣ್ಣ ಕನ್ನಡ ಕ್ರೈಸ್ತ ಸಭೆ. ಸುಗ್ಗಿ ಹಬ್ಬದ ಭಾನುವಾರ ಆರಾಧನೆಯ ನಂತರ, ಜನ ಕಾಣಿಕೆಯಾಗಿ ತಂದ ಕಾಯಿಪಲ್ಲೆ, ಮೊಟ್ಟೆ, ಕೋಳಿಗಳನ್ನು ಚರ್ಚಿನ ಅಂಗಳದ ಬೇವಿನ ಮರದಡಿ ಹರಾಜು ಹಾಕುತ್ತಿದ್ದರು. ಗಾಡಿಯ ಮೇಲೆ ಕೂಗಿ ಪಳಗಿದ ಗಂಟಲು ಎಂದು ಹರಾಜು ಕೂಗುವ ಕೆಲಸ ಅಪ್ಪನದು. ಒಂದು ಕಾಣಿಕೆ ಮಾರಾಟವಾದ ಕೂಡಲೇ ಕೊಟ್ಟವರು ಮುಂದೆ ಬರುತ್ತಿದ್ದರು. ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, ಅವರ ತಲೆಯ ಮೇಲೆ ಕೈಯಿಟ್ಟು, ಹೆಸರು ಹಿಡಿದು, ಗಟ್ಟಿಯಾಗಿ ಆಶೀರ್ವದಿಸುತ್ತಿದ್ದರು. ಅಂಗಳವೆಲ್ಲ ಆಮೆನ್ ಎನ್ನುತ್ತಿತ್ತು. ಅಲ್ಲಿಯವರೆಗೆ ನಮ್ಮ ಮನೆಯಿಂದ ಕೇಳಿಬಂದದ್ದು ಅಪ್ಪನ ಹೆಸರೊಂದೇ. ತನ್ನ ಹೆಸರನ್ನು ಆ ಬಾಯಿಂದ ಕೇಳಲು ಅಕ್ಕ ಬಿಗಿಯಾಗಿ ಜಡೆ ಹೆಣೆದು, ಹಸಿರು ಲಂಗ ಉಟ್ಟು ನಿಂತಿದ್ದಳು. ಯಾರೂ ಕೊಳ್ಳದ ಕಾಣಿಕೆ ಮರಳಿ ಮನೆಗೆ ಹೋಗುತ್ತಿತ್ತು. ಅದಕ್ಕೆ ಆಶೀರ್ವಾದವೂ ಇಲ್ಲ.

ನನ್ನ ಚಡ್ಡಿಯ ಕಿಸೆಯಲ್ಲಿ ಮಾಮ ಕೊಟ್ಟಿದ್ದ ಎಂಟಾಣೆ ಇತ್ತು. ಕಾಯನ್ನು ನಾನೇ ಕೊಂಡು ಮನೆಗೆ ತಂದರೆ ಗಾರಿಗೆಯೂ ಸಿಕ್ಕೀತು, ಅಕ್ಕನ ಕಾಣಿಕೆಯೂ ಮಾರಾಟವಾದೀತು! ದರ ಇಳಿಸುವುದು ಹೇಗೆಂದು ನನಗೆ ಗೊತ್ತೇ ಇತ್ತು.

ಅಪ್ಪ ಕಾಯನ್ನು ಎರಡೂ ಕೈಯಿಂದ ಎತ್ತಿ ತೋರಿಸಿದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ಹೆಂಗಸು, ನಾವೆಲ್ಲ ಅತ್ತೆ ಎನ್ನುತ್ತಿದ್ದವರು, "ಎರಡು ರೂಪಾಯಿ" ಎಂದು ಕೈ ಎತ್ತಿದರು. ನಾನು ಮುಂದೆ ನುಗ್ಗಿ ಕಾಯನ್ನು ಬೆರಳಿಂದ ತಟ್ಟಿ, ಥೇಟ್ ಮಂಡಿಯ ದನಿಯಲ್ಲಿ ಶುರುಮಾಡಿದೆ: "ಎರಡ್ ರೂಪಾಯಿನಾ? ಕಾಯಿ ನೋಡ್ರಿ ಮೊದಲ! ಒಂದ್ ಬಾಜೂ ಚಪ್ಪಟಿ ಆಗೇದ. ಒಳಗ ಹುಳ ಅದಾವ. ನಾಳಿಗೆ ದನಾನೂ ಮೂಸೂದಿಲ್ಲ!"

ಜನ ಹೋ ಎಂದು ನಕ್ಕರು. ಅತ್ತೆಯ ಕೈ ಕೆಳಗಿಳಿಯಿತು. "ಅಯ್ಯ, ಹುಳ ಅದಾವಂದ್ರ ನನಗ ಬ್ಯಾಡ್ರಿ."

"ಎಂಟಾಣೆ!" ಎಂದು ನಾನು ಕೂಗಿದೆ.

ಬೇರೆ ಯಾರೂ ದರ ಕೂಗಲಿಲ್ಲ. ಅಪ್ಪ ಎತ್ತಿ ಹಿಡಿದಿದ್ದ ಕಾಯನ್ನು ಕೆಳಗಿಟ್ಟರು. ಕಾಣಿಕೆ ಮಾರಾಟವಾಗುತ್ತದೆಂದು ಅಕ್ಕ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದಳು. ಆ ಹೆಜ್ಜೆಯನ್ನು ಅವಳು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಅದನ್ನು ನೋಡಿದೆ ನೋಡಿ, ಕಿಸೆಯ ಎಂಟಾಣೆ ಕೆಂಡದಂತೆ ಸುಟ್ಟಿತು.

"ಹುಳ ನೋಡಿಯೇನಲೇ?" ಎಂದರು ಅಪ್ಪ.

"ಇಲ್ಲ... ನೀವು ಮಂಡಿಯೊಳಗ ಹಂಗ ಅಂತೀರಲ್ಲಪಾ."

ಈ ಸಲದ ನಗು ಅಪ್ಪನ ಮೇಲೆ. ಅವರ ಕಿವಿ ಕೆಂಪಾಯಿತು. ಏಟು ಬಿತ್ತೆಂದುಕೊಂಡು ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. "ಹೌದು, ಆ ಮಾತು ನಂದ" ಎಂದರು ಅಪ್ಪ, ಎಲ್ಲರಿಗೂ ಕೇಳುವಂತೆ. "ಇಬ್ಬರೂ ತಪ್ಪು ಮಾಡೀವಿ. ಬಾಯಿಲೆ ಕೆಡಿಸಿದ್ದನ್ನ ಬಾಯಿಲೆನ ಸರಿ ಮಾಡಬೇಕು. ಹತ್ತು ಬೆಂಚಿನ ಮ್ಯಾಲೆ. ಈಗ ನೀನ ಕೂಗು. ಕಣ್ಣಿಲೆ ಕಂಡಿದ್ದಷ್ಟ ಹೇಳು."

ಬೆಂಚು ಹತ್ತಿದೆ. ಐಬು ಹೇಳಲು ನನ್ನಲ್ಲಿ ನೂರು ಮಾತಿದ್ದವು, ಒಳ್ಳೆಯದನ್ನು ಹೇಳಲು ಒಂದೂ ಇರಲಿಲ್ಲ. ಕೊನೆಗೆ ಕಂಡದ್ದನ್ನೇ ಹೇಳಿದೆ.

"ಹುಳ ಇಲ್ರಿ. ನಾ ಸುಳ್ಳು ಹೇಳಿದೆ. ಮಳಿ ನೀರಿಗೆ ಕೊಳೀಬಾರದಂತ ಅಕ್ಕ ಅದರ ಕೆಳಗ ಇಟ್ಟಂಗಿ ಇಟ್ಟಿದ್ಲು, ಅದಕ್ಕ ಚಪ್ಪಟಿ ಆಗೇದ. ದಿನಾ ಸಾಲಿಯಿಂದ ಬಂದು ನೀರು ಹೊತ್ತು ಹಾಕ್ಯಾಳ. ಆಡಿನ ಜೋಡಿ ಜಗಳಾ ಆಡ್ಯಾಳ. ಗಾರಿಗಿ ಮಾಡಿದ್ರ ಭಾಳ..." ಅಕ್ಕನ ಕಡೆ ನೋಡಿದೆ. "ಗಾರಿಗಿ ನಾನ ತಿನ್ನಬೇಕಂತ ಮಾಡಿದ್ದೆ."

"ಈಗ ಬಂತು ನೋಡ್ರಿ ಖರೆ ಮಾತು!" ಎಂದು ಯಾರೋ ಹಿಂದಿನಿಂದ ಕೂಗಿದರು. ನರ್ಸ್ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತ, "ಎರಡೂವರಿ" ಎಂದರು. ಇನ್ನೊಬ್ಬರು ಮೂರೆಂದರು. ನಾಲ್ಕಕ್ಕೆ ಕಾಯಿ ಅತ್ತೆಯ ಪಾಲಾಯಿತು. ಅಕ್ಕ ಮುಂದೆ ಬಂದಳು. ಸಭಾಪಾಲಕರು ಕೈಯಿಟ್ಟು ಅವಳ ಪೂರ್ತಿ ಹೆಸರು ಹೇಳಿ, ಅವಳ ಕೈ ಮುಟ್ಟಿದ್ದೆಲ್ಲ ಹಸಿರಾಗಲಿ ಎಂದು ಹರಸಿದರು. ಆಮೆನ್ ಎಂದವರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು.

ಆ ವರ್ಷ ನನಗೆ ಗಾರಿಗೆ ಸಿಗಲಿಲ್ಲ. ಮನೆಗೆ ಹೋಗುವಾಗ ಕಾಲುವೆಯ ಸೇತುವೆ ಬರುವವರೆಗೂ ಅಕ್ಕ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು. ಆಮೇಲೆ ಹಿಂತಿರುಗಿ ನೋಡಿ, "ಏ ಎಂಟಾಣೆ, ಲಗೂ ಲಗೂ ನಡಿ" ಎಂದಳು. ನನ್ನ ಎದೆ ಹಗುರಾಯಿತು.

ಮುಂದಿನ ರಜೆಯ ದಿನ ಮಂಡಿಯಲ್ಲಿ ಅಪ್ಪ ಬದನೆಕಾಯಿ ಕೈಗೆತ್ತಿಕೊಂಡು, ಬಾಯಿ ತೆರೆದು, ನನ್ನ ಮುಖ ನೋಡಿದರು. ನಂತರ ರೈತನಿಗೆ, ಮಾಲು ಚೆನ್ನಾಗಿದೆ, ನನ್ನ ಕೈಲಾಗುವುದು ಇಷ್ಟೇ ಎಂದರು. ರೈತ ಬೆಪ್ಪಾಗಿ ನಿಂತ! ದರ ಎಂದಿನಷ್ಟು ಇಳಿಯಲಿಲ್ಲ, ನಿಜ. ಆದರೆ ಅಂದಿನಿಂದ ಅವನು ಒಳ್ಳೆಯ ಬುಟ್ಟಿಯನ್ನು ಅಪ್ಪನಿಗೆಂದೇ ಬೇರೆ ತೆಗೆದಿಡತೊಡಗಿದ. ಮುಂದೆ ನಾನು ಚಾಕಣದ ಕಾರ್ಖಾನೆಗಳಿಂದ ಹಳೆಯ ಯಂತ್ರ ಕೊಂಡು, ದುರಸ್ತಿ ಮಾಡಿ ಮಾರಿ ಮೇಲೆ ಬಂದದ್ದು ಅದೇ ರೀತಿಯಲ್ಲಿ. ದರ ಹೆಚ್ಚಾದರೆ ಹೆಚ್ಚಾಯಿತು ಎನ್ನಿ, ಬೇಡವಾದರೆ ಬೇಡ ಎನ್ನಿ. ಕಾಣದ ಹುಳವನ್ನು ಮಾತ್ರ ಯಾರ ಕಾಯಿಗೂ ಹಾಕಬೇಡಿ.

ಈಗ ಪುಣೆಯ ಖರಾಡಿಯಲ್ಲಿ ಹನ್ನೊಂದನೆಯ ಮಹಡಿಯ ನಮ್ಮ ಮನೆಗೆ ಕುಂಬಳಕಾಯಿ ಪ್ಲಾಸ್ಟಿಕ್ ಸುತ್ತಿದ ಹೋಳಾಗಿ ಬರುತ್ತದೆ. ಬಳ್ಳಿ ಯಾರದೋ, ನೀರು ಹೊತ್ತವರು ಯಾರೋ. ಕಳೆದ ವಾರ ಮೊಮ್ಮಗಳು ಒಂದು ಕೇಕ್ ತರಿಸಿ, ಮೇಲಿನ ಕ್ರೀಮ್ ಓರೆಯಾಗಿದೆ ಎಂದು ಫೋನಿನಲ್ಲಿ ಒಂದೇ ನಕ್ಷತ್ರ ಕೊಟ್ಟಳು. "ತಿಂದು ನೋಡಿದೆಯೇನವಾ?" ಎಂದೆ. "ಇಲ್ಲಜ್ಜಾ. ನಾನೇನ್ ಬೈದಿಲ್ಲ, ಬರೀ ಒತ್ತಿದೆ" ಎಂದಳು. ನಮ್ಮ ಕಾಲದಲ್ಲಿ ಮಾತಿನ ಎದುರಿಗೆ ಒಂದು ಮುಖ ಇರುತ್ತಿತ್ತು. ಹಿಂದೆ ಸರಿದ ಹೆಜ್ಜೆ ಕಣ್ಣಿಗೆ ಬೀಳುತ್ತಿತ್ತು. ನಿಮ್ಮ ಬೆರಳಿಗೆ ಅದು ಕಾಣುವುದಿಲ್ಲ, ಅದಕ್ಕೇ ನೀವು ನಮಗಿಂತ ಹೆಚ್ಚು ಜಾಣರಾಗಬೇಕು. ಅವಳು ಕೇಕ್ ತಿಂದಳು. ತಟ್ಟೆ ಬರಿದಾದ ಮೇಲೆ ಮತ್ತೆ ಫೋನ್ ತೆಗೆದುಕೊಂಡು, ಈ ಸಲ ಒತ್ತುವ ಬದಲು ಕೇಕ್ ಮಾಡಿದವರಿಗೇ ಕರೆ ಮಾಡಿ, ಕ್ರೀಮ್ ಓರೆಯಿತ್ತು, ರುಚಿ ಮಾತ್ರ ಚೆನ್ನಾಗಿತ್ತು ಎಂದಳು.

ಭಾನುವಾರ ಆರಾಧನೆ ಮುಗಿಸಿ ಮನೆಗೆ ಬಂದರೆ ಹಡಪಸರದಿಂದ ಅಕ್ಕನ ಫೋನ್ ಬರುತ್ತದೆ. ಮೊಮ್ಮಕ್ಕಳು ಓಡಿಹೋಗಿ ಸ್ಪೀಕರ್ ಹಾಕುತ್ತಾರೆ. ಎಂಬತ್ತರ ಹತ್ತಿರ ಬಂದರೂ ಗಟ್ಟಿಯಾಗಿರುವ ಆ ದನಿ ಕೇಳುತ್ತದೆ: "ಎಂಟಾಣೆ ಅದಾನೇನ್ರೋ ಮನ್ಯಾಗ? ಗಾರಿಗಿ ಮಾಡೀನಿ, ಬಂದು ತಿನ್ನಂತ ಹೇಳ್ರಿ."